ಮೂರರ ಮೋಹ, ನಾಲ್ಕರ ನ್ಯಾಯ

“ಹಿಂದಿನದು ಚೆನ್ನಾಗಿತ್ತು” ಎಂಬಷ್ಟು ಸುಲಭವಾದ ತೀರ್ಪು ನಮ್ಮಲ್ಲಿ ಇನ್ನೊಂದಿಲ್ಲ. ಮಂಡಾಳೊಗ್ಗರಣಿಯಿಂದ ಹಿಡಿದು ಮಂತ್ರಿಗಳ ಭಾಷಣದವರೆಗೆ ಯಾವ ವಿಷಯ ಬಂದರೂ ಈ ಒಂದು ಮಾತು ಹೇಳಿ ಕೈತೊಳೆದುಕೊಳ್ಳಬಹುದು. ಹೇಳಿದವನಿಗೆ ಅನುಭವಸ್ಥನೆಂಬ ಗೌರವ ದೊರೆಯುತ್ತದೆ. ಕೇಳಿದವನು ಹಿಂದಿನದನ್ನು ಕಂಡಿಲ್ಲವಾದ್ದರಿಂದ ಎದುರಾಡಲಾರ. ಖರ್ಚಿಲ್ಲದ ಪಾಂಡಿತ್ಯವಿದು. ಈ ಪಾಂಡಿತ್ಯದ ವಿರುದ್ಧವಾಗಿ ನಾಲ್ಕು ಮಾತು ಹೇಳಬೇಕೆಂದು ಲೇಖನಿ ಹಿಡಿದಿದ್ದೇನೆ. ಅದಕ್ಕಾಗಿ ನಾನು ಆರಿಸಿಕೊಂಡ ವಸ್ತುವನ್ನು ಕಂಡು ಕೆಲವರು ನಗಬಹುದು. ಅದು ಹುಡುಗರ ಆಟ. ಪರದೆಯ ಮೇಲೆ ಇಬ್ಬರು ಹೊಡೆದಾಡುವ ವಿಡಿಯೊ ಗೇಮು. ನಗುವವರು ನಗಲಿ. ಗ್ರಂಥಗಳ ವಿಷಯದಲ್ಲಿ ನಾವು ಮಾಡುವ ಅನ್ಯಾಯಕ್ಕೆ ಹತ್ತು ಸಮರ್ಥನೆಗಳನ್ನು ಹೊಂದಿಸಿಕೊಂಡಿರುತ್ತೇವೆ. ಆಟದ ವಿಷಯದಲ್ಲಿ ಆ ಅನ್ಯಾಯ ಬೆತ್ತಲೆಯಾಗಿ ಕಾಣುತ್ತದೆ.

ಕೆಲವು ದಿನಗಳ ಹಿಂದೆ ರಾಯಚೂರಿನಲ್ಲಿ ಕಾಲೇಜಿನ ಹಳೆಯ ಗೆಳೆಯರು ಒಬ್ಬನ ಮನೆಯಲ್ಲಿ ಕಲೆತಿದ್ದೆವು. ದೇವದುರ್ಗದಿಂದ ಒಬ್ಬ, ಮಾನ್ವಿಯಿಂದ ಇಬ್ಬರು ಬಂದಿದ್ದರು. ಮನೆಯವನ ಮಗ ಒಳಕೋಣೆಯಲ್ಲಿ ಟೆಕ್ಕನ್ ಆಟದ ಎಂಟನೆಯ ಭಾಗವನ್ನು ಆಡುತ್ತಿದ್ದ. ಅದು 2024ರಲ್ಲಿ ಬಂದದ್ದು. ಐದು ನಿಮಿಷ ನಿಂತು ನೋಡಿ, ನಲವತ್ತು ದಾಟಿದ ನಾವೆಲ್ಲರೂ ಒಕ್ಕೊರಲಿನಿಂದ ತೀರ್ಪು ಕೊಟ್ಟೆವು: “ಮೂರನೇದರಂಥಾ ಆಟ ಮತ್ತ ಬರಲಿಲ್ಲ ಬಿಡು.” ಹುಡುಗ ಪರದೆಯಿಂದ ಕಣ್ಣು ಕೀಳದೆ ಕೇಳಿದ: “ಅದರ ಮುಂದಿಂದು, ನಾಕನೇದು, ನೀವು ಆಡೀರೇನ್ರಿ ಮಾಮಾ?” ಯಾರೂ ಉತ್ತರ ಹೇಳಲಿಲ್ಲ. ದೇವದುರ್ಗದ ಗೆಳೆಯ, “ಅದು ಬರೇ ಗೋಡಿಗೆ ಬಡಿಯೋ ಆಟ” ಎಂದು ಮಾತು ಹಾರಿಸಿದ. ನಾವೆಲ್ಲರೂ ನಕ್ಕೆವು. ಆದರೆ ಆ ಪ್ರಶ್ನೆ ನನ್ನ ಜೊತೆಯಲ್ಲಿಯೇ ಮನೆಗೆ ಬಂದಿತು. ಏಕೆಂದರೆ ಆಡಿರಲಿಲ್ಲವೆಂಬುದು ನಿಜ. ಆಡದೆಯೇ ಅದನ್ನು ಕೆಟ್ಟದೆಂದು ಸಾರಿದವರಲ್ಲಿ ನಾನೂ ಒಬ್ಬ. ಅದರ ಫಲವನ್ನು ಉಂಡವರು ಬೇರೆ.

ಆಟದ ಪರಿಚಯವಿಲ್ಲದ ವಾಚಕರಿಗಾಗಿ ಸ್ವಲ್ಪ ಹೇಳುತ್ತೇನೆ. ಟೆಕ್ಕನ್ ಎಂದರೆ ಜಪಾನೀ ಭಾಷೆಯಲ್ಲಿ ಕಬ್ಬಿಣದ ಮುಷ್ಟಿ. ನಾಮ್ಕೊ ಎಂಬ ಜಪಾನಿನ ಕಂಪನಿ ಇದರ ಮೊದಲ ಭಾಗವನ್ನು 1994ರಲ್ಲಿ ಹೊರತಂದಿತು. ಇದರ ಸೊಗಸೆಲ್ಲ ನಾಲ್ಕು ಗುಂಡಿಗಳಲ್ಲಿದೆ: ಎಡಗೈಗೆ ಒಂದು, ಬಲಗೈಗೆ ಒಂದು, ಎಡಗಾಲಿಗೆ ಒಂದು, ಬಲಗಾಲಿಗೆ ಒಂದು. ಗರಡಿಯ ಮುಖ ಕಾಣದವನಿಗೂ ಇದು ಅರ್ಥವಾಗುತ್ತದೆ. ಮೂರನೆಯ ಭಾಗ 1997ರಲ್ಲಿ ಜಪಾನಿನ ಆಟದ ಅಂಗಡಿಗಳಿಗೂ, 1998ರಲ್ಲಿ ಮನೆಯ ಪ್ಲೇಸ್ಟೇಷನ್ ಯಂತ್ರಕ್ಕೂ ಬಂದಿತು. ನಾಲ್ಕನೆಯದು 2001ರಲ್ಲಿ ಅಂಗಡಿಗೆ, 2002ರಲ್ಲಿ ಎರಡನೆಯ ಪ್ಲೇಸ್ಟೇಷನ್ನಿಗೆ. ನಡುವೆ ಜೋಡಿಯಾಟದ ಒಂದು ಭಾಗ ಬಂದಿತ್ತಾದರೂ ಕಥೆಯ ಸರಣಿಯಲ್ಲಿ ಮೂರರ ನಿಜವಾದ ಮುಂದುವರಿಕೆ ನಾಲ್ಕೇ.

ಮೂರನೆಯ ಭಾಗ ನಮ್ಮೂರಿಗೆ ಬಂದ ಬಗೆ ಬೇರೆ. ತೀನ್ ಕಂದೀಲಿನಿಂದ ಸ್ವಲ್ಪ ದೂರದ ಒಂದು ಓಣಿಯಲ್ಲಿ ಕಾಕಾ ಎಂದು ನಾವೆಲ್ಲ ಕರೆಯುತ್ತಿದ್ದವರೊಬ್ಬರು ಎರಡು ಟಿ.ವಿ., ಎರಡು ಹಳೆಯ ಯಂತ್ರ, ನಾಲ್ಕು ಸ್ಟೂಲು ಇಟ್ಟುಕೊಂಡು ಅಂಗಡಿ ತೆರೆದಿದ್ದರು. ಸಿ.ಡಿ. ಅಸಲಿಯಲ್ಲವೆಂಬುದು ಎಲ್ಲರಿಗೂ ಗೊತ್ತಿತ್ತು. ಅರ್ಧ ತಾಸಿಗೆ ಐದು ರೂಪಾಯಿ. ಸೋತವನು ಏಳಬೇಕು, ಗೆದ್ದವನು ಕೂತಿರಬೇಕು. ಕಾಕಾನ ರಾಜ್ಯದಲ್ಲಿ ಇದೊಂದೇ ಕಾನೂನು. ಗಂಜಿನ ಹಮಾಲರ ಮಕ್ಕಳು, ವಕೀಲರ ಮಕ್ಕಳು, ಶಕ್ತಿನಗರದಿಂದ ಬಸ್ಸು ಹತ್ತಿ ಬರುತ್ತಿದ್ದ ನೌಕರರ ಮಕ್ಕಳು, ಎಲ್ಲರೂ ಈ ಕಾನೂನಿಗೆ ತಲೆಬಾಗುತ್ತಿದ್ದರು. ಶಕ್ತಿನಗರದ ಸ್ಥಾವರದಿಂದ ನಾಡಿಗೆಲ್ಲ ವಿದ್ಯುತ್ತು ಹೋಗುತ್ತಿದ್ದರೂ ನಮ್ಮ ಓಣಿಯಲ್ಲಿ ಮಾತ್ರ ಆಟ ರಂಗೇರಿದ ಹೊತ್ತಿಗೆ ಕರೆಂಟು ಹೋಗುತ್ತಿತ್ತು. ಆಗ ಸೋಲುತ್ತಿದ್ದವನು ದೇವರಿಗೆ ಕೈಮುಗಿಯುತ್ತಿದ್ದ. ಮಾನ್ವಿ, ದೇವದುರ್ಗಗಳಲ್ಲಿ ಅಂಥ ಅಂಗಡಿ ಕಾಣದ ಗೆಳೆಯರು, ಪ್ಲೇಸ್ಟೇಷನ್ನಿನ ಆಟವನ್ನು ಕಂಪ್ಯೂಟರಿನಲ್ಲಿ ನಡೆಸುವ ಉಪಾಯವನ್ನು ಹೇಗೋ ಕಲಿತು, ಕೀಲಿಮಣೆಯೊಂದಕ್ಕೆ ಇಬ್ಬರು ಮುಗಿಬಿದ್ದು ಆಡುತ್ತಿದ್ದರು.

ಮೂರನೆಯ ಭಾಗದ ಗುಣವನ್ನು ನಾನು ಅಲ್ಲಗಳೆಯುವುದಿಲ್ಲ. ಅದರ ಬಾಗಿಲು ತಗ್ಗಾಗಿರಲಿಲ್ಲ. ಯಾರೂ ಬಗ್ಗಿ ಒಳಗೆ ಹೋಗಬೇಕಾಗಿರಲಿಲ್ಲ. ಬ್ರೆಜಿಲ್ ದೇಶದ ಕಾಪೊಯೆರಾ ಎಂಬ ವಿದ್ಯೆಯನ್ನು ಬಲ್ಲ ಎಡ್ಡಿ ಎಂಬ ಪಾತ್ರವನ್ನು ಹಿಡಿದುಕೊಂಡು, ಎರಡು ಕಾಲಿನ ಗುಂಡಿಗಳನ್ನು ಕಣ್ಣುಮುಚ್ಚಿ ಒತ್ತಿದರೂ ಸಾಕು, ಅವನು ಕೈಯೂರಿ ತಲೆಕೆಳಗಾಗಿ ಗಿರ್ರನೆ ತಿರುಗಿ ಎದುರಾಳಿಯನ್ನು ಕೆಡವುತ್ತಿದ್ದ. ಆ ದಿನವೇ ಮೊದಲ ಬಾರಿ ರಿಮೋಟು ಮುಟ್ಟಿದ ಹುಡುಗ, ಆರು ತಿಂಗಳು ಅಭ್ಯಾಸ ಮಾಡಿದವನನ್ನು ಎಬ್ಬಿಸಿ ಕಳಿಸಿದ್ದನ್ನು ನಾನು ಕಂಡಿದ್ದೇನೆ. ಜಾಗ್ವಾರಿನ ಮೊಗವಾಡದ ಕಿಂಗ್ ಎಂಬ ಪೈಲ್ವಾನನನ್ನು ನಾವು ಮೊಹರಮ್ಮಿನ ಹುಲಿಯೆಂದೇ ಕರೆಯುತ್ತಿದ್ದೆವು. ಎರಡನೆಯ ಭಾಗದಲ್ಲಿ ಆಕಾಶಕ್ಕೆ ಹಾರುತ್ತಿದ್ದ ಕುಣಿಗಾರರನ್ನು ಮೂರು ನೆಲಕ್ಕೆ ಇಳಿಸಿತು. ಪಕ್ಕಕ್ಕೆ ಸರಿದು ಪೆಟ್ಟು ತಪ್ಪಿಸುವ ಕಲೆಯನ್ನು ಎಲ್ಲರಿಗೂ ಕೊಟ್ಟಿತು. ಪ್ಲೇಸ್ಟೇಷನ್ನಿನಲ್ಲಿ ಅದರ ಎಂಬತ್ತು ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದವು. ನಮ್ಮ ಕಾಕಾನ ಸಿ.ಡಿ. ಆ ಲೆಕ್ಕದಲ್ಲಿ ಇಲ್ಲ.

ಹೀಗಿರುವಾಗ 2004ರ ಬೇಸಿಗೆಯಲ್ಲಿ ಕಾಕಾ ಸಾಲ ಮಾಡಿ ಹೈದರಾಬಾದಿನಿಂದ ಎರಡನೆಯ ಪ್ಲೇಸ್ಟೇಷನ್ ತಂದರು. ಜೊತೆಗೆ ನಾಲ್ಕನೆಯ ಭಾಗ. ಅರ್ಧ ತಾಸಿಗೆ ಹತ್ತು ರೂಪಾಯಿ. ಮೊದಲ ದಿನ ಜಾತ್ರೆಯಂತೆ ಜನ ಸೇರಿತು. ಇಬ್ಬರೋ ಮೂವರೋ ಆಡಿದರು. ಹಿಂದಕ್ಕೆ ಸರಿದವನ ಬೆನ್ನಿಗೆ ಗೋಡೆ ತಾಗಿತು. ತಾಗಿದ ಮೇಲೆ ಏಟಿನ ಮೇಲೆ ಏಟು. “ಏನಲೇ ಇದು, ಹಿಂದಕ ಸರೀಬೇಕಂದ್ರ ಗೋಡಿ!” ಎಂದು ಯಾರೋ ಕೂಗಿದರು. “ಎಡ್ಡಿ ಎಲ್ಲಿ? ಎಡ್ಡಿನೇ ಇಲ್ಲಲ್ಲ!” ಎಂದು ಇನ್ನೊಬ್ಬ. ಅವನ ಜಾಗದಲ್ಲಿ ಅವನ ಶಿಷ್ಯೆ ಕ್ರಿಸ್ಟಿ ಎಂಬ ಹುಡುಗಿ ನಿಂತಿದ್ದಳು. ಸಾಯಂಕಾಲದೊಳಗಾಗಿ ತೀರ್ಪು ಹೊರಬಿದ್ದಿತು. ನಾನು ರಿಮೋಟನ್ನು ಮುಟ್ಟಿಯೇ ಇರಲಿಲ್ಲ. ಆದರೂ “ಮೂರೇ ಹಚ್ರಿ ಕಾಕಾ” ಎಂದು ಕೂಗಿದವರಲ್ಲಿ ನನ್ನ ದನಿ ಎಲ್ಲರಿಗಿಂತ ದೊಡ್ಡದಾಗಿತ್ತು. ಕಾಕಾ ಒಂದೇ ಮಾತು ಹೇಳಿದರು: “ಬ್ಯಾಡಂದ್ರ ಬಿಡ್ರಿ. ಆದ್ರ ಆಡಿ ನೋಡಿ ಬ್ಯಾಡ ಅನ್ರಪ್ಪಾ.” ನಾವು ಆಡಿ ನೋಡಲಿಲ್ಲ. ಎರಡು ತಿಂಗಳ ಮೇಲೆ ಅವರು ಆ ಯಂತ್ರವನ್ನು ಬಂದ ಬೆಲೆಗೆ ಮಾರಿದರು. ಹಳೆಯ ಯಂತ್ರಗಳು ಒಂದೊಂದಾಗಿ ಕೆಟ್ಟವು. ಮರುವರ್ಷ ಅಲ್ಲಿ ಮೊಬೈಲ್ ರೀಚಾರ್ಜಿನ ಅಂಗಡಿ ಬಂದಿತು. ಕಾಕಾ ಮುಂದೆ ಏನು ಮಾಡಿದರೆಂದು ನಮ್ಮಲ್ಲಿ ಯಾರೂ ವಿಚಾರಿಸಲಿಲ್ಲ. ಈಗ “ಆ ಅಂಗಡಿಯಂಥಾ ಅಂಗಡಿ ಇಲ್ಲ” ಎಂದು ನಿಟ್ಟುಸಿರು ಬಿಡುವವರೂ ನಾವೇ.

ಆ ರಾತ್ರಿ ಹುಡುಗನ ಪ್ರಶ್ನೆ ಬೆನ್ನುಹತ್ತಿದ ಮೇಲೆ, ಒಬ್ಬ ಬಂಧುವಿನ ಮನೆಯಲ್ಲಿದ್ದ ಹಳೆಯ ಯಂತ್ರವನ್ನು ಕಡ ತಂದು, ನಾಲ್ಕನೆಯ ಭಾಗವನ್ನು ಹದಿನೈದು ದಿನ ಆಡಿದೆ. ಮೂರನ್ನೂ ಮತ್ತೆ ಆಡಿದೆ. ಆಮೇಲೆಯೇ ಈ ವಾದವನ್ನು ಮುಂದಿಡುತ್ತಿದ್ದೇನೆ.

ನಾಲ್ಕನೆಯದರ ಮೇಲಿನ ಮೊದಲ ಆರೋಪ, ಅದು ಪರಿಚಿತ ಪಾತ್ರಗಳನ್ನು ಬಿಟ್ಟಿತು, ಬದಲಿಸಿತು ಎಂಬುದು. ಈ ಆರೋಪ ಮಾಡುವವರು ಮೂರು ಆಕಾಶದಿಂದ ಉದುರಿತೆಂದು ಭಾವಿಸಿದ್ದಾರೆ. ಮೂರೂ ಒಂದು ಮುಂದುವರಿಕೆಯೇ ಅಲ್ಲವೇ? ಅದರ ಕಥೆ ಎರಡನೆಯದಕ್ಕಿಂತ ಸುಮಾರು ಎರಡು ದಶಕ ಮುಂದಕ್ಕೆ ಹಾರುತ್ತದೆ. ಮೊದಲಿನ ನಾಯಕ ಕಜುಯಾ ಅದರಲ್ಲಿ ಇಲ್ಲವೇ ಇಲ್ಲ. ಅವನ ಮಗ ಜಿನ್ ಬಂದ. ಮಾರ್ಷಲ್ ಲಾ ಹೋಗಿ ಅವನ ಮಗ ಫಾರೆಸ್ಟ್ ಲಾ ಬಂದ. ಮಿಶೆಲ್ ಹೋಗಿ ಅವಳ ಸಾಕುಮಗಳು ಜೂಲಿಯಾ ಬಂದಳು. ಕೊರಿಯಾದ ಗುರು ಬೇಕ್ ಹೋಗಿ ಶಿಷ್ಯ ಹ್ವಾರಾಂಗ್ ಬಂದ. ನಾವು ಪ್ರೀತಿಸಿದ ಆ ‘ಹುಲಿ’ ಕೂಡ ಅಸಲಿನ ಕಿಂಗ್ ಅಲ್ಲ. ಅವನು ಸತ್ತ ಮೇಲೆ ಮೊಗವಾಡ ತೊಟ್ಟ ಅನಾಥಾಲಯದ ಹುಡುಗ. ನಮ್ಮ ಎಡ್ಡಿಯಂತೂ ಆಗತಾನೆ ಬಂದ ಹೊಸಬ. ಮೂರು ಮಾಡಿದ ಬದಲಾವಣೆಯ ಮುಂದೆ ನಾಲ್ಕರದು ಚಿಲ್ಲರೆ. ಹಾಗಾದರೆ ಮೂರಕ್ಕೆ ಏಕೆ ಕ್ಷಮೆ? ಎರಡನ್ನು ನಾವು ಕಂಡಿರಲಿಲ್ಲ, ಅಷ್ಟೇ. ನಾವು ಮೊದಲು ಕಂಡದ್ದು ಆದಿ, ಆಮೇಲೆ ಬಂದದ್ದೆಲ್ಲ ಅವನತಿ. ವಿಮರ್ಶೆಯೆಂಬ ಹೆಸರಿನಲ್ಲಿ ನಾವು ಹೇಳುತ್ತಿರುವುದು ನಮ್ಮ ವಯಸ್ಸನ್ನು.

ಎರಡನೆಯ ಆರೋಪ ಗೋಡೆಯದು. ಮೂರರಲ್ಲಿ ನೆಲಕ್ಕೆ ಕೊನೆಯೇ ಇಲ್ಲ. ಎಷ್ಟು ಹಿಂದಕ್ಕೆ ಸರಿದರೂ ಭೂಮಿ ಉಂಟು. ಹಿನ್ನೆಲೆಯ ಚಿತ್ರ ಸುತ್ತುತ್ತಿರುತ್ತದೆ. ನಾಲ್ಕರಲ್ಲಿ ವಾಹನ ನಿಲ್ಲಿಸುವ ನೆಲಮಾಳಿಗೆ, ವಿಮಾನ ನಿಲ್ದಾಣ, ಸಮುದ್ರತೀರ, ಅಂಗಡಿಗಳ ಸಂಕೀರ್ಣ ಮುಂತಾದ ನಿಜವಾದ ಸ್ಥಳಗಳು ಬಂದವು. ಅವುಗಳಿಗೆ ಎಲ್ಲೆ ಬಂದಿತು. ಎದುರಾಳಿಯನ್ನು ಹಿಡಿದು ಸ್ಥಾನ ಬದಲಿಸಿ, ಅವನ ಬೆನ್ನನ್ನು ಗೋಡೆಯ ಕಡೆಗೆ ಮಾಡುವ ಉಪಾಯವೂ ಬಂದಿತು. ಈಗ ಯಾರನ್ನು ಹೊಡೆಯಬೇಕು ಎಂಬುದರ ಜೊತೆಗೆ, ಎಲ್ಲಿ ನಿಂತು ಹೊಡೆಯಬೇಕು ಎಂಬ ಪ್ರಶ್ನೆ ಹುಟ್ಟಿತು. ಕಾರಹುಣ್ಣಿಮೆಯ ಮುಂಗಾರು ಹಬ್ಬದಲ್ಲಿ ರಾಯಚೂರಿನ ಕುಸ್ತಿ ನೋಡಿದವರನ್ನು ಕೇಳುತ್ತೇನೆ: ಕಣಕ್ಕೆ ಅಂಚೇ ಇಲ್ಲದ ಕುಸ್ತಿಯನ್ನು ನೀವು ಕುಸ್ತಿಯೆನ್ನುವಿರಾ? ನೆಲದ ಅರಿವಿಲ್ಲದ ಪೈಲ್ವಾನನಿಗೆ ಯಾವ ವಸ್ತಾದನಾದರೂ ಶಾಬಾಸ್ ಎಂದಾನೆಯೇ? ಗೋಡೆ ಬಂದುದರಿಂದ ಆಟ ಕೆಡಲಿಲ್ಲ; ಓಡುವುದನ್ನೇ ಉಪಾಯವೆಂದು ತಿಳಿದಿದ್ದ ನಮಗೆ ಓಡಲು ಜಾಗ ಉಳಿಯಲಿಲ್ಲ.

ಈ ಮಾತು ನನ್ನದೊಬ್ಬನದೇ ಅಲ್ಲ, ಕಾಲವೇ ಹೇಳಿದೆ. 2004ರ ಕೊನೆಯಲ್ಲಿ ಐದನೆಯ ಭಾಗ ಅಂಗಡಿಗಳಿಗೆ ಬಂದಿತು, ಮರುವರ್ಷ ಮನೆಯ ಯಂತ್ರಕ್ಕೆ. ಅದನ್ನು ಎಲ್ಲರೂ ಹೊಗಳಿದರು. ಟೆಕ್ಕನ್ ಮರಳಿ ದಾರಿಗೆ ಬಂದಿತು ಎಂದರು. ಯಾವ ದಾರಿಗೆ? ಐದರಲ್ಲಿ ಗೋಡೆಗಳು ಇದ್ದವು. ಅವುಗಳ ಜೊತೆಗೆ ಗೋಡೆಯಿಲ್ಲದ ಕಣಗಳನ್ನೂ ಇಟ್ಟರು, ಅಷ್ಟೇ. ಎಂಟರವರೆಗೆ ಆ ಗೋಡೆ ನಿಂತೇ ಇದೆ. ಬೈಗುಳವನ್ನು ನಾಲ್ಕು ಉಂಡಿತು, ಬೆಳೆಯನ್ನು ಐದು ಕೊಯ್ದಿತು. ಮೊದಲು ನೇಗಿಲು ಹೂಡಿ ಕಲ್ಲು ಎತ್ತಿದವನಿಗೆ ಹುಚ್ಚನೆಂಬ ಹೆಸರು, ಹದವಾದ ಹೊಲದಲ್ಲಿ ಬಿತ್ತಿದವನಿಗೆ ಉತ್ತಮ ರೈತನೆಂಬ ಬಿರುದು. ಸಾಹಿತ್ಯದಲ್ಲಿ ಇದು ನಡೆಯುವುದನ್ನು ಕಂಡವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ.

ಹಾಗೆಂದಮಾತ್ರಕ್ಕೆ ನಾಲ್ಕರಲ್ಲಿ ದೋಷವಿಲ್ಲವೆಂದು ವಾದಿಸಿದರೆ ನಾನೂ ಎದುರುಪಕ್ಷದವರಂತೆಯೇ ಕುರುಡನಾಗುತ್ತೇನೆ. ದೋಷಗಳುಂಟು. ಏರುತಗ್ಗಿನ ನೆಲವನ್ನು ತಂದರು. ಇಳಿಜಾರಿನಲ್ಲಿ ನಿಂತವನಿಗೆ ಬೀಳಬೇಕಾದ ಪೆಟ್ಟು ಗಾಳಿಯಲ್ಲಿ ಹೋಗುತ್ತದೆ, ಸಿಟ್ಟು ಬರುತ್ತದೆ. ಐದರಲ್ಲಿ ಆ ನೆಲವನ್ನು ಮಟ್ಟ ಮಾಡಿದ್ದು ಸರಿಯೇ. ಸುತ್ತಲೂ ಸ್ವೇಚ್ಛೆಯಾಗಿ ನಡೆಯಬಹುದಾದ್ದರಿಂದ ಕೆಲವೊಮ್ಮೆ ಕಾಳಗ ಕಣ್ಣುಮುಚ್ಚಾಲೆಯಾಗುತ್ತದೆ. ಕಾದಾಳುಗಳ ಸಂಖ್ಯೆ ಕಡಿಮೆಯಾಯಿತು. ಎಲ್ಲಕ್ಕಿಂತ ದೊಡ್ಡ ತಪ್ಪು ಜಿನ್ನನ ಕೈಗೆ ಮಿತಿಮೀರಿದ ಬಲ ಕೊಟ್ಟದ್ದು. ಪಂದ್ಯಗಳಲ್ಲಿ ಅವನೇ ಅವನಾಗಿ, ಉಳಿದವರು ಬಡವಾದರು. ಹೊಸಬನಿಗೆ ಬಾಗಿಲು ಮೂರರಷ್ಟು ಅಗಲವಾಗಿ ತೆರೆದಿರಲಿಲ್ಲವೆಂಬುದೂ ನಿಜ. ಆದರೆ ಗಮನಿಸಿರಿ: ನಮ್ಮ ಓಣಿಯಲ್ಲಿ ಈ ನಿಜವಾದ ದೋಷಗಳಲ್ಲಿ ಒಂದನ್ನೂ ಯಾರೂ ಎತ್ತಿ ಹೇಳಲಿಲ್ಲ. ಅವು ಆಡಿದವರಿಗೆ ಮಾತ್ರ ಕಾಣತಕ್ಕ ದೋಷಗಳು.

ಅದೇ ಜಿನ್ನನ ವಿಷಯದಲ್ಲಿ ಇನ್ನೊಂದು ಮಾತು. ಮೂರರಲ್ಲಿ ಅವನು ತಾತ ಹೇಹಾಚಿಯಿಂದ ಮನೆತನದ ಕಾಳಗ ವಿದ್ಯೆಯನ್ನು ಕಲಿತಿದ್ದ. ಆ ತಾತನೇ ಅವನಿಗೆ ದ್ರೋಹ ಬಗೆದ. ನಾಲ್ಕರಲ್ಲಿ ಜಿನ್ ಆ ವಿದ್ಯೆಯನ್ನೆಲ್ಲ ಮರೆಯಬೇಕೆಂದು ಪಣತೊಟ್ಟು, ಆಸ್ಟ್ರೇಲಿಯಾದ ಬ್ರಿಸ್ಬೇನಿಗೆ ಹೋಗಿ ಕರಾಟೆಯನ್ನು ಮೊದಲಿನಿಂದ ಅಭ್ಯಾಸ ಮಾಡಿ ಬರುತ್ತಾನೆ. ಆಟದಲ್ಲಿಯೂ ಹಾಗೆಯೇ: ಮೂರರಲ್ಲಿ ಜಿನ್ನನನ್ನು ಬಲ್ಲವನ ಕೈಬೆರಳು ನಾಲ್ಕರಲ್ಲಿ ತಡವರಿಸುತ್ತದೆ, ಅವನೂ ಮೊದಲಿನಿಂದ ಕಲಿಯಬೇಕು. ಕಥೆಯಲ್ಲಿ ನಾಯಕ ಪಡುವ ಶ್ರಮವನ್ನು ಆಡುವವನ ಬೆರಳೂ ಪಡುವಂತೆ ಮಾಡಿದ ಆಟಗಳು ವಿರಳ. ನಾವು ಇದನ್ನು “ಜಿನ್ ಕೆಟ್ಟುಹೋದ” ಎಂಬ ಎರಡು ಪದಗಳಲ್ಲಿ ಮುಗಿಸಿದೆವು.

ನಮ್ಮ ಜಿಲ್ಲೆಯವರಿಗಂತೂ ಈ ತಪ್ಪು ಒಪ್ಪತಕ್ಕದ್ದಲ್ಲ. ಪುರಂದರದಾಸರು ಹದಿನಾರನೆಯ ಶತಮಾನದವರು. ಅವರ ಮೇಲೆ ಇನ್ನೇನು ಹಾಡುವುದಿದೆಯೆಂದು ನಾಡು ಸುಮ್ಮನಿದ್ದಿದ್ದರೆ, ಹದಿನೆಂಟನೆಯ ಶತಮಾನದಲ್ಲಿ ಮಾನ್ವಿ ಸೀಮೆಯ ಚೀಕಲಪರವಿಯಲ್ಲಿ ವಿಜಯದಾಸರು ಏಕೆ ಹಾಡಬೇಕಾಗಿತ್ತು? ದೇವದುರ್ಗ ಸೀಮೆಯ ಮೊಸರಕಲ್ಲಿನಲ್ಲಿ ಗೋಪಾಲದಾಸರು ಏಕೆ? ಮಾನ್ವಿಯ ಜಗನ್ನಾಥದಾಸರು ಹರಿಕಥಾಮೃತಸಾರವನ್ನು ಷಟ್ಪದಿಯಲ್ಲಿ ಏಕೆ? ದಾಸಸಾಹಿತ್ಯದ ಮುಂದುವರಿಕೆಯ ಭಾಗ ಬೆಳೆದದ್ದೇ ಈ ಮಣ್ಣಿನಲ್ಲಿ. ಸಂಪ್ರದಾಯದಲ್ಲಿ ಒಂದು ಕಥೆಯುಂಟು. ಜಗನ್ನಾಥದಾಸರು ದಾಸರಾಗುವ ಮೊದಲು ಸಂಸ್ಕೃತ ಪಂಡಿತರಾದ ಶ್ರೀನಿವಾಸಾಚಾರ್ಯರು. ಕನ್ನಡದಲ್ಲಿ ಹಾಡುವ ದಾಸರೆಂದರೆ ತಾತ್ಸಾರ. ವಿಜಯದಾಸರು ಊಟಕ್ಕೆ ಕರೆದಾಗ ಹೊಟ್ಟೆನೋವೆಂದು ನೆಪ ಹೇಳಿ ತಪ್ಪಿಸಿಕೊಂಡರು. ನೆಪ ನಿಜವಾಗಿ ಹೊಟ್ಟೆನೋವು ಬೆನ್ನುಹತ್ತಿತು. ಕೊನೆಗೆ ಗೋಪಾಲದಾಸರ ಬಳಿಗೆ ಬಂದು ಶಿಷ್ಯರಾದ ಮೇಲೆಯೇ ನೋವು ಹೋದುದು, ಹಾಡು ಬಂದುದು. ದಾಸರನ್ನೂ ಆಟವನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಿದ್ದೇನೆಂದು ಯಾರೂ ಕೋಪಿಸಿಕೊಳ್ಳಬಾರದು. ನಾನು ತೂಗುತ್ತಿರುವುದು ಎಲೆಯ ಮುಂದೆ ಕೂರದೆಯೇ ಅಡಿಗೆ ಸರಿಯಿಲ್ಲವೆನ್ನುವ ಮನಸ್ಸನ್ನು.

“ಆಟವೇ ತಾನೆ, ಒಂದರಲ್ಲಿ ಉಳಿದರೆ ಏನು ನಷ್ಟ?” ಎಂದು ಕೇಳಬಹುದು. ನಷ್ಟವೇನೆಂದು ಲಾಹೋರನ್ನು ನೋಡಿ ತಿಳಿಯಬಹುದು. ನಮ್ಮ ಕಾಕಾನದರಂತಹ ಆಟದಂಗಡಿಗಳು ಆ ಊರಿನಲ್ಲಿಯೂ ಇದ್ದವು. ಅಲ್ಲಿಂದ ಬಂದ ಅರ್ಸ್ಲಾನ್ ಆಶ್ ಎಂಬ ತರುಣ 2019ರಲ್ಲಿ ಏಳನೆಯ ಭಾಗವನ್ನು ಆಡಿ, ಜಪಾನಿನಲ್ಲಿಯೂ ಅಮೆರಿಕದಲ್ಲಿಯೂ ನಡೆದ ಇವೊ ಪಂದ್ಯಗಳೆರಡನ್ನೂ ಒಂದೇ ವರ್ಷದಲ್ಲಿ ಗೆದ್ದ. ಎಂಟನೆಯದು ಬಂದ 2024ರಲ್ಲಿ ಅದರಲ್ಲಿಯೂ ಗೆದ್ದ. ಕೊರಿಯಾ, ಜಪಾನುಗಳ ಘಟಾನುಘಟಿಗಳು ಬೆರಗಾದರು. ಅಲ್ಲಿಯ ಹುಡುಗರಿಗೂ ಮೂರರ ಮೇಲೆ ಮೋಹವಿದ್ದಿರಬಹುದು. ಆದರೆ ಹೊಸ ಭಾಗ ಬಂದಾಗಲೆಲ್ಲ ಮತ್ತೆ ಸೋಲುವ ಧೈರ್ಯ ಅವರಿಗಿತ್ತು. ರಾಯಚೂರಿನ ಓಣಿಯ ಹುಡುಗನ ಬೆರಳು ಲಾಹೋರಿನ ಹುಡುಗನ ಬೆರಳಿಗಿಂತ ಮೊಂಡಾಗಿರಲಿಲ್ಲ. ನಮ್ಮಲ್ಲಿ ಒಬ್ಬ ಲೋಕವನ್ನೇ ಗೆಲ್ಲುತ್ತಿದ್ದನೆಂದು ನಾನು ಹೇಳಲಾರೆ. ಗೆಲ್ಲಬಹುದಾಗಿದ್ದವನು ಕೂರಬೇಕಾಗಿದ್ದ ಸ್ಟೂಲನ್ನು ನಾವು ಎತ್ತಿಹಾಕಿದೆವೆಂದು ಹೇಳಬಲ್ಲೆ.

ಹಳೆಯದನ್ನು ಪ್ರೀತಿಸಬಾರದೆಂದು ನನ್ನ ವಾದವಲ್ಲ. ಐದನೆಯ ಭಾಗದ ಮನೆಯ ಪ್ರತಿಯಲ್ಲಿ ಮೊದಲ ಮೂರು ಭಾಗಗಳನ್ನೂ ಇಡಿಯಾಗಿ ಸೇರಿಸಿ ಕೊಟ್ಟಿದ್ದರು; ಹೊಸದರ ಹೊಟ್ಟೆಯಲ್ಲಿ ಹಳೆಯದಕ್ಕೆ ಜಾಗ ಉಂಟು. ಹಳೆಯದರ ಹೊಟ್ಟೆಯಲ್ಲಿ ಹೊಸದಕ್ಕೆ ಜಾಗ ಮಾಡುವವರು ಮಾತ್ರ ನಾವೇ ಆಗಬೇಕು. ಎರಡನ್ನೂ ಆಡಿದ ಮೇಲೆ ಈಗಲೂ ನನಗೆ ಮೂರೇ ಹೆಚ್ಚು ಪ್ರಿಯ. ಆದರೆ ಪ್ರಿಯವಾದುದೆಲ್ಲ ಮೇಲು ಎಂಬ ಧೈರ್ಯ ಈಗ ಇಲ್ಲ. ಮೂರು ನನ್ನನ್ನು ಒಳಗೆ ಕರೆಯಿತು. ನಾಲ್ಕು ನನ್ನನ್ನು ಕಲಿಯಲು ಕರೆಯಿತು. ಎರಡನೆಯ ಕರೆಗೆ ನಾನು ಇಪ್ಪತ್ತು ವರ್ಷ ತಡವಾಗಿ ಓಗೊಟ್ಟೆ.

ಗೆಳೆಯನ ಮಗನಿಗೆ ಮೊನ್ನೆ ಉತ್ತರ ಹೇಳಿ ಬಂದೆ: “ಆಡೀನಪ್ಪಾ. ನಿನಗ ಸೋಲ್ತೀನಿ, ಆದ್ರ ಆಡೀನಿ.” ಅವನು ಸರಿದು ಕುಳಿತು ಎರಡನೆಯ ರಿಮೋಟನ್ನು ನನ್ನ ಕೈಗೆ ಕೊಟ್ಟ. ಮೂರು ಸುತ್ತೂ ಸೋತೆ. ಕಾಕಾನ ಕಾನೂನಿನಂತೆ ಎದ್ದು ನಿಂತೆ. ಕಾಕಾ ಎಲ್ಲಿದ್ದಾರೋ ತಿಳಿಯದು. ಎಲ್ಲಿಯೇ ಇರಲಿ, ಅವರ ಸಾಲದಲ್ಲಿ ನನ್ನ ಪಾಲೂ ಇದೆಯೆಂದು ಇಲ್ಲಿ ಬರೆದಿಡುತ್ತೇನೆ.